ಬೇವಿನ ಮರದಡಿಯ ಕಂಟ್ರೋಲ್ ರೂಮು

ಹಾಸ್ಟೆಲಿಗೆ ಹೊರಟ ಹುಡುಗಿಯ ಟ್ರಂಕಿನಲ್ಲಿ ಏನಿರಬೇಕು ಎಂಬುದು ನಮ್ಮ ಕಡೆ ಎಂದೋ ತೀರ್ಮಾನವಾದ ಸಂಗತಿ. ಖಡಕ್ ರೊಟ್ಟಿ, ಶೇಂಗಾ ಪುಡಿ, ಗುರೆಳ್ಳು ಪುಡಿ, ಉಪ್ಪಿನಕಾಯಿ, ಒಂದು ಸ್ಟೀಲಿನ ಚಂಬು, ಹುಲಿಗೆಮ್ಮನ ಫೋಟೋ. ನನ್ನ ಮಗಳಿಗೆ ಎಂ.ಎ. ಕನ್ನಡಕ್ಕೆ ಸೀಟು ಸಿಕ್ಕಿ, ಲೇಡೀಸ್ ಹಾಸ್ಟೆಲಿನಲ್ಲಿ ಕೋಣೆಯೂ ಸಿಕ್ಕಾಗ ಇವೆಲ್ಲ ಒಂದೇ ಟ್ರಂಕಿನಲ್ಲಿ ಹಿಡಿದವು. ತೋರಣಗಲ್ಲು ಸ್ಟೇಷನ್ನಿನಲ್ಲಿ ನನ್ನ ಸೊಂಟ ಹಿಡಿಸಿದ್ದು ಆ ಟ್ರಂಕಲ್ಲ, ಅದರ ಪಕ್ಕದಲ್ಲಿದ್ದ ಕ್ಯಾನ್ವಾಸ್ ಚೀಲ. ಅದರ ಮೇಲೆ ಬಿಳಿ ಪೇಂಟಿನಲ್ಲಿ ‘ಎಲೆಕ್ಟ್ರಿಕಲ್ – ಕ್ರಿಟಿಕಲ್ ಸ್ಪೇರ್ಸ್’ ಎಂದು ಬರೆದಿತ್ತು. ಚೀಲ ನನ್ನ ಬಾಮೈದನದು.

ತೋರಣಗಲ್ಲು, ಕುಡತಿನಿ, ಸಂಡೂರು ಕಡೆ ಯಾವ ಮನೆಗೆ ಹೋದರೂ ಇಂಥ ಒಬ್ಬ ಮಾವ ಇರುತ್ತಾನೆ. ಪ್ಲಾಂಟಿನ ಮಾವ. ಹಣೆಯ ಮೇಲೆ ಹೆಲ್ಮೆಟ್ಟಿನ ಗೆರೆ; ಗೆರೆಯ ಕೆಳಗೆ ಒಂದು ಬಣ್ಣ, ಮೇಲೆ ಇನ್ನೊಂದು. ಮದುವೆಗೂ ಸೇಫ್ಟಿ ಶೂ ಹಾಕಿಕೊಂಡೇ ಬರುತ್ತಾನೆ. ಮುಹೂರ್ತ ಎಷ್ಟೊತ್ತಿಗೆ ಎಂದು ಕೇಳಿದರೆ ‘ಎ ಶಿಫ್ಟ್ ಅರ್ಧ ಮುಗಿದಿರ್ತೈತೆ, ಆಗ’ ಎನ್ನುತ್ತಾನೆ. ಬೈಕನ್ನು ಯಾರ ಮನೆಯ ಮುಂದೆ ನಿಲ್ಲಿಸಿದರೂ ಮುಂಗಾಲಿ ರಸ್ತೆಯ ಕಡೆಗಿರಬೇಕು. ಅಪಾಯ ಬಂದಾಗ ತಿರುಗಿಸುತ್ತ ಕೂರಬಾರದು ನೋಡಿ. ಉಪ್ಪಿಟ್ಟಿನ ಬೋಗುಣಿ ಯಾರ ಕೈಯಿಂದಲಾದರೂ ಜಾರಿ ಬೀಳದೆ ಉಳಿದರೆ ಅವನ ಭಾಷೆಯಲ್ಲಿ ಅದು ‘ನಿಯರ್ ಮಿಸ್’. ನಮ್ಮ ಮನೆಗಿರುವುದು ಮೂರೇ ಮೆಟ್ಟಿಲು. ಹಿಡಿದುಕೊಳ್ಳಲು ಕಂಬಿ ಇಲ್ಲವೆಂದು ಅವನು ನನಗೆ ಎರಡು ಸಲ ಬರವಣಿಗೆಯಲ್ಲಿ ತಿಳಿಸಿದ್ದಾನೆ.

ಇಂಥವನಿಗೆ ಅಕ್ಕನ ಮಗಳು ಹಾಸ್ಟೆಲಿಗೆ ಹೋಗುತ್ತಾಳೆ, ಲ್ಯಾಪ್‌ಟಾಪ್ ಒಯ್ಯುತ್ತಾಳೆ, ಅಲ್ಲಿ ವೈಫೈ ಇದೆ ಎಂಬ ಸುದ್ದಿ ಸಿಕ್ಕಿದ್ದು ಒಂದು ಭಾನುವಾರ. ಸಂಜೆಯೊಳಗೆ ಬಂದು ನಡುಮನೆಯಲ್ಲಿ ಎಲ್ಲರನ್ನೂ ನಿಲ್ಲಿಸಿ ‘ಟೂಲ್‌ಬಾಕ್ಸ್ ಟಾಕ್’ ಕೊಟ್ಟ. ಪ್ಲಾಂಟಿನಲ್ಲಿ ಕೆಲಸ ಶುರುವಾಗುವ ಮೊದಲು ಏನು ಮಾಡುತ್ತೇವೆ, ಯಾವ ಅಪಾಯವಿದೆ, ಯಾರು ಯಾವುದಕ್ಕೆ ಹೊಣೆ ಎಂದು ನಿಂತಲ್ಲೇ ಐದು ನಿಮಿಷ ಹೇಳುವ ಪದ್ಧತಿ ಅದು. ನನ್ನ ಅತ್ತೆಗೆ ಎಂಬತ್ತು ದಾಟಿದೆ. ಅವರೂ ಕೈಕಟ್ಟಿ ನಿಂತು ಕೇಳಿದರು.

ಆಮೇಲೆ ತಯಾರಿ. ಪೇಟೆಯಲ್ಲಿ ಸಿಗುವ ಎಕ್ಸ್‌ಟೆನ್ಷನ್ ಬೋರ್ಡು ಅವನಿಗೆ ಆಗದು. ‘ಒಳಗ ಕೂದಲಿನಂಥ ವೈರ್ ಇರ್ತೈತೆ ಬಾವ’ ಎಂದು ತಾನೇ ಒಂದನ್ನು ಕಟ್ಟಿದ. 2.5 ಸ್ಕ್ವೇರ್ ಎಂಎಂ ತಾಮ್ರದ ವೈರು, ಕಬ್ಬಿಣದ ಡಬ್ಬಿ, ನಾಲ್ಕು ಸಾಕೆಟ್ಟು, ಪ್ರತಿಯೊಂದಕ್ಕೂ ಬೇರೆ ಸ್ವಿಚ್ಚು, ಒಂದು ಕೆಂಪು ದೀಪ. ಅದನ್ನು ಎತ್ತಿಡಲು ಇಬ್ಬರು ಬೇಕು. ಹಾಸ್ಟೆಲ್ ಕೋಣೆಯ ಗೋಡೆಯಲ್ಲಿ ಲ್ಯಾನ್ ಪಾಯಿಂಟ್ ಇರುತ್ತದೆ ಎಂದು ಯಾರೋ ಹೇಳಿದ್ದರಿಂದ ಹತ್ತು ಮೀಟರ್ ಕೇಬಲ್ ತಂದು ತುದಿಗೆ ಕನೆಕ್ಟರ್ ಕೂರಿಸಲು ಕುಳಿತ. ಆ ಕೇಬಲ್ಲನ್ನು ಸಿಪ್ಪೆ ತೆಗೆದರೆ ಒಳಗೆ ಎಂಟು ಎಳೆ. ಅವುಗಳನ್ನು ನಿಗದಿಯಾದ ಬಣ್ಣದ ಸಾಲಿನಲ್ಲೇ ಜೋಡಿಸಬೇಕು, ಒಂದು ತಪ್ಪಿದರೂ ನೆಟ್ ಕೈಕೊಡಬಹುದು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಎಳೆಗಳನ್ನು ಬೆರಳಲ್ಲಿ ನೀವುತ್ತ, ಮಂತ್ರ ಹೇಳುವ ದನಿಯಲ್ಲಿ ಶುರುಮಾಡಿದ: ‘ಬಿಳಿ ಕಿತ್ತಳೆ, ಕಿತ್ತಳೆ, ಬಿಳಿ ಹಸಿರು, ನೀಲಿ, ಬಿಳಿ ನೀಲಿ, ಹಸಿರು, ಬಿಳಿ ಕಂದು, ಕಂದು.’ ಮೂರನೆಯ ಸಲ ಹೇಳುವಾಗ ಅತ್ತೆಯೂ ಜೊತೆಗೂಡಿದರು. ಕ್ರಿಂಪಿಂಗ್ ಇಕ್ಕಳ ‘ಕಟಕ್’ ಎಂದಿತು. ನಾನೇನೂ ತಮಾಷೆ ಮಾಡಲಿಲ್ಲ. ಕೈಯಲ್ಲಿ ಕಸುಬಿರುವವನು ಕೆಲಸ ಮಾಡುವುದನ್ನು ನೋಡುವುದು ಚಂದವೇ.

ಚಾರ್ಜರ್ ಎರಡು ಯಾಕೆ ಎಂದು ಕೇಳಿದ್ದು ನನ್ನ ತಪ್ಪು.

‘ಬಾವ, 2024ರ ಆಗಸ್ಟ್‌ನ್ಯಾಗ ಡ್ಯಾಮಿಂದು 19ನೇ ಗೇಟಿನ ಚೈನು ಕಿತ್ತು ಗೇಟೇ ಕೊಚ್ಚಿಕೊಂಡು ಹೋತಲ್ಲ, ಆಗ ಅಡ್ಡ ಇಳಿಸಾಕೆ ಸ್ಟಾಪ್‌ಲಾಗ್ ರೆಡಿ ಇತ್ತೇನು? ಇರಲಿಲ್ಲ. ಮಾಡಿಸಿ ತಂದು ಹರಿಯೋ ನೀರಾಗ ಇಳಿಸೋ ಹೊತ್ತಿಗೆ ಎಷ್ಟು ಟಿಎಂಸಿ ಹೋತು? ಸ್ಪೇರ್ ಇಲ್ಲಂದ್ರೆ ಹಂಗಾಗ್ತೈತೆ.’

ತುಂಗಭದ್ರೆಯನ್ನು ಮುಂದಿಟ್ಟ ಮೇಲೆ ನಮ್ಮ ಭಾಗದಲ್ಲಿ ಯಾರೂ ವಾದ ಮಾಡುವುದಿಲ್ಲ. ಎರಡು ಚಾರ್ಜರ್ ಹೋದವು.

ಯಾವ ವಿಶ್ವವಿದ್ಯಾಲಯ ಎಂದು ನಾನು ಹೇಳುವುದಿಲ್ಲ. ಮಗಳು ಇನ್ನೂ ಒಂದೂವರೆ ವರ್ಷ ಅಲ್ಲಿ ಊಟ ಮಾಡಬೇಕು. ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಹೋದೆವು ಎನ್ನಬಹುದು. ಅದು ಒಂದು ಕಡೆ ಹುಬ್ಬಳ್ಳಿಗೂ ಇನ್ನೊಂದು ಕಡೆ ಮೈಸೂರಿಗೂ ಹೋಗುವುದರಿಂದ ಗುಟ್ಟು ರಟ್ಟಾಗುವುದಿಲ್ಲ.

ಹಾಸ್ಟೆಲಿನ ಗೇಟಿನಲ್ಲಿ ಮಾವನ ಯೋಜನೆಗೆ ಮೊದಲ ಪೆಟ್ಟು ಬಿತ್ತು. ‘ಗಂಡಸರಿಗೆ ಒಳಗೆ ಪ್ರವೇಶವಿಲ್ಲ’ ಎಂಬ ಬೋರ್ಡು. ಅದರ ಕೆಳಗೆ ಸ್ಟೂಲಿನ ಮೇಲೆ ಕೂತಿದ್ದ ಆಯಾ ಬೋರ್ಡಿಗಿಂತ ಗಟ್ಟಿ. ‘ತಾಯಂದಿರು ಮಾತ್ರ ಹೋಗ್ರಿ. ನೀವು ಅಲ್ಲಿ ಗಿಡದ ಬುಡಕ್ಕೆ ಕುಂದ್ರಿ’ ಎಂದು ಬೇವಿನ ಮರ ತೋರಿಸಿದಳು. ಅಲ್ಲಿ ಆಗಲೇ ಹತ್ತು ಹನ್ನೆರಡು ಮಂದಿ ಅಪ್ಪಂದಿರು, ಇಬ್ಬರು ಅಣ್ಣಂದಿರು, ಒಬ್ಬ ಅಜ್ಜ, ಕೈಯಲ್ಲಿ ಬಕೆಟ್ಟು ಹಾಸಿಗೆ ಹಿಡಿದವರ ಹಾಗೆ ಸುಮ್ಮನೆ ಕೂತಿದ್ದರು. ಬಕೆಟ್ಟು ಹಾಸಿಗೆ ಒಳಗೆ ಹೋಗಿಯಾಗಿತ್ತು. ಕೈ ಮಾತ್ರ ಹಾಗೇ ಉಳಿದಿದ್ದವು.

ಬೇರೆ ಯಾರಾದರೂ ಆಗಿದ್ದರೆ ಆಯಾಳ ಜೊತೆ ಜಗಳಕ್ಕೆ ನಿಲ್ಲುತ್ತಿದ್ದರು. ಮಾವ ನಿಲ್ಲಲಿಲ್ಲ. ಪರ್ಮಿಟ್ ಇಲ್ಲದ ಜಾಗಕ್ಕೆ ಕಾಲಿಡಬಾರದು ಎಂಬುದು ಅವನ ರಕ್ತದಲ್ಲೇ ಇದೆ. ‘ಸರಿ, ಫೀಲ್ಡಿಗೆ ಅಕ್ಕ ಹೋಗ್ಲಿ. ಕಂಟ್ರೋಲ್ ರೂಮ್ ಇಲ್ಲೇ’ ಎಂದು ಬೇವಿನ ಬುಡದಲ್ಲಿ ಟವೆಲ್ ಹಾಸಿ, ಫೋನು, ಮಲ್ಟಿಮೀಟರು, ಒಂದು ಲಾಗ್ ಬುಕ್ಕು ಇಟ್ಟುಕೊಂಡು ಕೂತ. ಕಬ್ಬಿಣದ ಬೋರ್ಡನ್ನು ಮಗಳೂ ಅವಳ ತಾಯಿಯೂ ಒಂದೊಂದು ತುದಿ ಹಿಡಿದು, ಹೆಣ ಸಾಗಿಸುವವರಂತೆ ಮೆಟ್ಟಿಲು ಹತ್ತಿದರು.

ಹತ್ತು ನಿಮಿಷಕ್ಕೆ ಫೋನು.

‘ಅಕ್ಕಾ, ಮೊದಲು ಟೆಸ್ಟರ್ ತಗೊ. ಗೋಡೆ ಸಾಕೆಟ್ಟಿನ ಬಲಗಡೆ ತೂತಿನ್ಯಾಗ ಇಡು. ಫೇಸ್ ಬರ್ತೈತೇನು?’

‘ಯಾರ ಫೇಸೋ?’

‘ಫೇಸ್ ಅಕ್ಕಾ, ಫೇಸ್! ಹೆಂಗೈತೆ ಹೇಳು.’

‘ಹುಡುಗಿ ಫೇಸ್ ಸಪ್ಪಗೈತೆ ನೋಡು. ಮುಂಜಾನಿಂದ ಏನೂ ತಿಂದಿಲ್ಲ.’

ಮರದಡಿಯ ಅಪ್ಪಂದಿರು ಮೊದಲ ಬಾರಿಗೆ ನಕ್ಕರು. ಮಾವ ನಗಲಿಲ್ಲ. ಲಾಗ್ ಬುಕ್ಕಿನಲ್ಲಿ ‘11:20. ಫೇಸ್ ಓಕೆ’ ಎಂದು ಬರೆದುಕೊಂಡ. ಯಾವ ಫೇಸು ಎಂದು ಬರೆಯಲಿಲ್ಲ.

ಎರಡನೆಯ ಪೆಟ್ಟು: ಲ್ಯಾನ್ ಕೇಬಲ್ಲಿಗೆ ಲ್ಯಾಪ್‌ಟಾಪಿನಲ್ಲಿ ಕಿಂಡಿಯೇ ಇಲ್ಲ. ಈಗಿನ ಲ್ಯಾಪ್‌ಟಾಪುಗಳು ತೆಳ್ಳಗಾಗುವ ಹಟಕ್ಕೆ ಬಿದ್ದು ಆ ಕಿಂಡಿಯನ್ನೇ ಬಿಟ್ಟುಬಿಟ್ಟಿವೆ. ಈಗ ಇವನ ಮುಖ ನೋಡಬೇಕು ಎಂದು ನಾನು ತಿರುಗಿದೆ. ಅವನು ಕ್ರಿಟಿಕಲ್ ಸ್ಪೇರ್ಸ್ ಚೀಲಕ್ಕೆ ಮೊಣಕೈವರೆಗೆ ಕೈಹಾಕಿ ಒಂದು ಚಿಕ್ಕ ತುಂಡು ತೆಗೆದ. ಒಂದು ಕಡೆ ಯುಎಸ್‌ಬಿ, ಇನ್ನೊಂದು ಕಡೆ ಲ್ಯಾನ್ ಕಿಂಡಿ. ಆಯಾಳ ಕೈಯಲ್ಲಿ ಕೊಟ್ಟು ಕಳಿಸಿ, ನನ್ನ ಕಡೆ ನೋಡದೆ, ‘19ನೇ ಗೇಟು’ ಎಂದ. ಅಷ್ಟೇ.

ಆ ಹೊತ್ತಿಗೆ ವಾರ್ಡನ್ ಮೇಡಂ ಬಂದರು. ಕೋಣೆಯಲ್ಲಿ ಕೆಟಲ್, ಇಂಡಕ್ಷನ್ ಒಲೆ ಇಡುವಂತಿಲ್ಲ, ಇಟ್ಟರೆ ಜಪ್ತಿ ಎಂದು ಅಪ್ಪಂದಿರಿಗೆಲ್ಲ ಕೇಳುವಂತೆ ಹೇಳಿದರು. ಮರದಡಿಯಲ್ಲಿ ಗೊಣಗಾಟ. ರಾತ್ರಿ ಓದುವ ಹುಡುಗಿಯರು ಒಂದು ಲೋಟ ಬಿಸಿನೀರೂ ಕಾಯಿಸಬಾರದೇ? ಎದ್ದು ನಿಂತವನು ಮಾವ ಒಬ್ಬನೇ. ‘ಮೇಡಂ, ನೂರಕ್ಕೆ ನೂರು ಕರೆಕ್ಟ್’ ಎಂದು ಶುರುಮಾಡಿದ. ಕೆಟಲ್ 1,500 ವ್ಯಾಟು, ನಮ್ಮ ಕರೆಂಟು 230 ವೋಲ್ಟು, ಭಾಗಿಸಿದರೆ ಆರೂವರೆ ಆಂಪಿಯರು; ಗೋಡೆಯ ಸಣ್ಣ ಸಾಕೆಟ್ಟು ಇರುವುದೇ 6 ಆಂಪಿಯರಿಗೆ. ಇಪ್ಪತ್ತು ಕೋಣೆಯಲ್ಲಿ ಏಕಕಾಲಕ್ಕೆ ಚಹಾ ಕಾಯಿಸಿದರೆ ಏನಾಗುತ್ತದೆ ಎಂಬುದನ್ನು ಕೈಯಿಂದ ಅಭಿನಯಿಸಿಯೂ ತೋರಿಸಿದ. ಅಷ್ಟು ವರ್ಷ ‘ನಿಯಮ ಅಂದ್ರೆ ನಿಯಮ’ ಎಂದು ಬೈಸಿಕೊಂಡು ಬಂದಿದ್ದ ಆ ಹೆಂಗಸಿಗೆ ತನ್ನ ನಿಯಮದ ಒಳಗೆ ಇಷ್ಟು ಗಣಿತವಿದೆ ಎಂದು ಅಂದೇ ಗೊತ್ತಾಗಿರಬೇಕು. ಅವನಿಗೆ ಚಹಾ ಕಳಿಸಿದರು. ನಮಗಿಲ್ಲ.

ಇನ್ನು ವೈಫೈ. ಹಾಸ್ಟೆಲಿನ ವೈಫೈಗೆ ಯಾರ ಯಾವ ಯಂತ್ರ ಸೇರಬಹುದು ಎಂದು ಮೊದಲೇ ಫಾರಂ ತುಂಬಿಕೊಡಬೇಕು, ಒಬ್ಬರಿಗೆ ಎರಡು. ಪ್ರತಿ ಫೋನಿಗೂ ಮ್ಯಾಕ್ ಅಡ್ರೆಸ್ ಎಂಬ ಹನ್ನೆರಡು ಅಕ್ಷರ-ಅಂಕಿಯ ಜನ್ಮನಾಮ ಇರುತ್ತದಲ್ಲ, ಅದನ್ನು ಬರೆಯಬೇಕು. ಮಾವ ಅದನ್ನು ಮನೆಯಲ್ಲೇ ಫೋನಿನ ‘ಅಬೌಟ್’ ಪುಟದಿಂದ ನೋಡಿ, ದಪ್ಪ ಅಕ್ಷರದಲ್ಲಿ ಬರೆದು, ಎರಡು ಸಲ ತಾಳೆನೋಡಿ, ವಾರದ ಹಿಂದೆಯೇ ಕಳಿಸಿದ್ದ. ಲ್ಯಾಪ್‌ಟಾಪು ತಕ್ಷಣ ಸೇರಿತು. ಫೋನು ಮಾತ್ರ ಬಾಗಿಲಲ್ಲೇ ನಿಂತಿತು. ಪಾಸ್‌ವರ್ಡ್ ಸರಿ, ಸಿಗ್ನಲ್ ಸರಿ, ಆದರೂ ‘ಅನುಮತಿ ಇಲ್ಲ’.

ಮಾವ ಆಫ್ ಮಾಡಿ ಆನ್ ಮಾಡಿಸಿದ. ಆ ವೈಫೈಯನ್ನು ಫೋನಿನಿಂದ ಮರೆಸಿ ಮತ್ತೆ ಸೇರಿಸಿದ. ಕಿಟಕಿಯ ಹತ್ತಿರ, ಬಾಗಿಲ ಹತ್ತಿರ, ಮಂಚದ ಮೇಲೆ ನಿಲ್ಲಿಸಿದ. ಮಗಳು ಮೇಲಿನ ವರಾಂಡದಿಂದ ಬಗ್ಗಿ, ‘ಸಾಕು ಬಿಡು ಮಾವ, ಡಾಟಾ ಐತೆ’ ಎಂದಳು.

‘ಅವ್ವಿ, 1971ರಾಗ ಇಂದಿರಾ ಗಾಂಧಿ ತೋರಣಗಲ್ಲಿಗೆ ಬಂದು ಉಕ್ಕಿನ ಕಾರ್ಖಾನೆಗೆ ಅಡಿಗಲ್ಲು ಹಾಕಿದ್ರು. ನಮ್ಮೂರಾಗ ಉಕ್ಕು ಕಣ್ಣಿಗೆ ಬೀಳೋ ಹೊತ್ತಿಗೆ ಇಪ್ಪತ್ತೈದು ವರ್ಷ ದಾಟಿತ್ತು. ಅದೂ ಸರ್ಕಾರ ಹೋಗಿ ಜಿಂದಾಲ್‌ನವರು ಬಂದ ಮ್ಯಾಲೆ. ನಿಮ್ಮಜ್ಜ ಕಾದ. ನಿನಗ ಇಪ್ಪತ್ತೈದು ನಿಮಿಷ ಕಾಯಾಕ ಆಗಲ್ಲೇನು?’

ಅಡಿಗಲ್ಲಿನ ಕಥೆ ನಮ್ಮೂರಲ್ಲಿ ಎಲ್ಲದಕ್ಕೂ ಒದಗುತ್ತದೆ, ತಡವಾದ ಮದುವೆಗೂ.

ಗಂಟು ಬಿಡಿಸಿದ್ದು ಮಾವನಲ್ಲ. ನಮ್ಮ ಪಕ್ಕದಲ್ಲಿ ಕಂಪ್ಲಿ ಕಡೆಯ ಭತ್ತದ ರೈತರೊಬ್ಬರು, ಪಂಚೆ ಮಡಚಿ ಕೂತು, ಒಂದು ಗಂಟೆಯಿಂದ ಈ ಹನ್ನೆರಡು ಅಂಕಿಯ ಕಥೆ ಕೇಳುತ್ತಿದ್ದರು. ಕೈಯಲ್ಲಿದ್ದುದು ಬಟನ್ನಿನ ಫೋನು. ಅವರು ಕೆಮ್ಮಿ ಹೇಳಿದರು: ‘ತಪ್ಪು ತಿಳೀಬ್ಯಾಡ್ರಿ. ನಮ್ಮ ಪಹಣಿನ್ಯಾಗ ನನ್ನ ಹೆಸರು ಒಂದು ಥರ ಇತ್ತು, ಆಧಾರ್‌ನ್ಯಾಗ ಇನ್ನೊಂದು ಥರ. ಇಬ್ಬರೂ ನಾನೇ. ಆದ್ರ ಪರಿಹಾರದ ರೊಕ್ಕ ಬರಲಿಲ್ಲ. ನೀವು ಫಾರಂನ್ಯಾಗ ಬರೆದ ಹೆಸರು ಒಂದು, ಆ ಫೋನು ಅಲ್ಲಿ ಹೋಗಿ ಹೇಳೋ ಹೆಸರು ಇನ್ನೊಂದು ಆಗೈತೇನು ನೋಡ್ರಿ.’

ಮಾವನ ಕೈ ಗಾಳಿಯಲ್ಲೇ ನಿಂತಿತು.

ಅದೇ ಆಗಿತ್ತು. ಆಂಡ್ರಾಯ್ಡ್ 10 ಬಂದಾಗಿನಿಂದ ಫೋನುಗಳು ತಮ್ಮ ಜನ್ಮನಾಮವನ್ನು ಕಂಡ ಕಂಡ ವೈಫೈಗೆ ಹೇಳುವುದಿಲ್ಲ. ಹೋದಲ್ಲೆಲ್ಲ ಅದೊಂದೇ ಹೆಸರು ಹೇಳಿದರೆ, ಯಾರು ಯಾವ ಅಂಗಡಿಗೆ ಹೋದರು, ಎಲ್ಲಿ ಕೂತರು ಎಂದು ಜಾಡು ಹಿಡಿಯುವವರಿಗೆ ಸಲೀಸು. ಅದಕ್ಕೇ ಒಂದೊಂದು ವೈಫೈಗೆ ಒಂದೊಂದು ಸುಳ್ಳು ಹೆಸರು. ಮನೆಯ ಮರ್ಯಾದೆ ಕಾಯುವ ಒಳ್ಳೆಯ ಬುದ್ಧಿಯೇ. ಆದರೆ ಹೆಸರು ಬರೆದಿಟ್ಟುಕೊಂಡು ಒಳಬಿಡುವ ಹಾಸ್ಟೆಲಿನಲ್ಲಿ ಅದು ನಡೆಯದು. ಆ ವೈಫೈಯ ಸೆಟ್ಟಿಂಗಿಗೆ ಹೋಗಿ ‘ಪ್ರೈವೆಸಿ’ ಎಂಬಲ್ಲಿ ನಿಜವಾದ ಮ್ಯಾಕ್ ಆರಿಸಿಕೊಂಡದ್ದೇ ಫೋನು ಒಳಗೆ ಹೋಯಿತು. ಮಾವ ಲಾಗ್ ಬುಕ್ಕಿನಲ್ಲಿ ‘13:05. ರೂಟ್ ಕಾಸ್: ಪಹಣಿ–ಆಧಾರ್ ಹೆಸರು ವ್ಯತ್ಯಾಸ’ ಎಂದು ಬರೆದ. ರೈತರ ಕೈಕುಲುಕಿ, ಅವರ ಹೆಸರನ್ನೂ ಬರೆದುಕೊಂಡ. ಇನ್ನೊಬ್ಬರ ಹೆಸರು ಆ ಬುಕ್ಕಿನಲ್ಲಿ ಬಂದದ್ದು ಅದೇ ಮೊದಲಂತೆ.

ಮಧ್ಯಾಹ್ನದ ಮೇಲೆ ನನ್ನ ಕಾಲವೂ ಬಂತು. ಸೀನಿಯರ್ ಹುಡುಗಿಯೊಬ್ಬಳು ಛಂದಸ್ಸಿನ ನೋಟ್ಸ್ ಫೈಲು ಕೊಟ್ಟಿದ್ದಳು. ಮಗಳು ತೆರೆದರೆ ಕನ್ನಡದ ಒಂದಕ್ಷರವೂ ಇಲ್ಲ. ಇಂಗ್ಲಿಷಿನ ಪಿ, ತಲೆಯ ಮೇಲೆ ಕಡ್ಡಿಯಿಟ್ಟ ಎ, ಇಂಗ್ಲೆಂಡಿನ ಪೌಂಡಿನ ಗುರುತು, ಏನೇನೋ. ಫೋಟೋ ತೆಗೆದು ಕಳಿಸಿದಳು. ‘ವೈರಸ್! ಯಾರೂ ಮುಟ್ಟಬ್ಯಾಡ್ರಿ. ಲ್ಯಾಪ್‌ಟಾಪಿಗೆ ಡೇಂಜರ್ ಟ್ಯಾಗ್ ಹಾಕು’ ಎಂದ ಮಾವ. ಚೀಲದಲ್ಲಿ ಟ್ಯಾಗೂ ಇತ್ತು.

‘ಟ್ಯಾಗ್ ಬೇಡ. ಅದು ಕನ್ನಡ’ ಎಂದೆ.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಹೇಳಿದವನಿಗೆ ತಂತ್ರಜ್ಞಾನದ ಮರದಡಿ ಮಾತಾಡಲು ಸಿಕ್ಕ ಒಂದೇ ಅವಕಾಶ, ಬಿಡುವುದುಂಟೇ? ಯೂನಿಕೋಡ್ ಊರೂರಿಗೆ ಬರುವ ಮೊದಲು ಬರಹ, ನುಡಿ ತಂತ್ರಾಂಶಗಳ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲೇ ಕನ್ನಡದ ತುಂಡುಗಳನ್ನು ಬಾಡಿಗೆಗೆ ಇಟ್ಟಿದ್ದವು. ಪಿ ಎಂಬ ಮನೆಯಲ್ಲಿ ‘ಕ’ದ ಮೈ, ಕಡ್ಡಿಯ ಎ ಮನೆಯಲ್ಲಿ ಅದರ ತಲೆಕಟ್ಟು, ಪೌಂಡಿನ ಮನೆಯಲ್ಲಿ ‘ನ’. ಆ ಫಾಂಟು ಇದ್ದರೆ ಕನ್ನಡ ಕಾಣುತ್ತದೆ, ಇಲ್ಲದಿದ್ದರೆ ಬರೀ ಮನೆಯ ನಂಬರುಗಳು. ‘ಕನ್ನಡ’ ಎಂಬ ಪದವೇ ಪಿಯಿಂದ ಶುರುವಾಗಿ ನಡುವೆ ಒಂದು ಪೌಂಡನ್ನು ನುಂಗಿ ನಿಲ್ಲುತ್ತದೆ. ನುಡಿ ಫಾಂಟು ಹಾಕಿಕೊಂಡರೆ ಓದಬಹುದು. ಕನ್ವರ್ಟರಿನಲ್ಲಿ ಯೂನಿಕೋಡಿಗೆ ತಿರುಗಿಸಿಟ್ಟುಕೊಂಡರೆ ಫೋನಿನಲ್ಲೂ ಓದಬಹುದು. ಇಷ್ಟನ್ನು ಹೇಳಿ ನಿಲ್ಲಬೇಕಿತ್ತು. ನಾನು ಕೆ.ಪಿ. ರಾಯರ ಕೀಲಿಮಣೆಗೆ ಹೋದೆ. ‘ಕ್ಷ’ ಮೂಡಿಸಲು ಕೆ, ಎಫ್, ಎಕ್ಸ್ ಒತ್ತಬೇಕು. ಆ ಎಫ್ ಇದೆಯಲ್ಲ, ಅದು ಎರಡು ವ್ಯಂಜನಗಳಿಗೆ ಗಂಟು ಹಾಕುವ ಪುರೋಹಿತ, ಎಂದೆಲ್ಲ. ತಲೆಯೆತ್ತಿ ನೋಡಿದರೆ ಅಜ್ಜ ನಿದ್ದೆ ಹೋಗಿದ್ದರು. ಮಾವ ಮಾತ್ರ ಪೆನ್ನು ಹಿಡಿದು ಕೇಳುತ್ತಿದ್ದ. ‘ಬಾವ, ಇಷ್ಟು ಗೊತ್ತಿದ್ದು ಮುಂಜಾನಿಂದ ಸುಮ್ನೆ ಕುಂತಿದ್ರಿ?’ ಎಂದ. ನನ್ನ ಮದುವೆಯಾದ ಮೇಲೆ ಅವನ ಬಾಯಿಂದ ಬಂದ ಮೊದಲ ಪ್ರಮಾಣಪತ್ರ ಅದು.

ಅಷ್ಟರಲ್ಲಿ ಮರದಡಿಯ ಉಳಿದ ಅಪ್ಪಂದಿರಿಗೂ ಧೈರ್ಯ ಬಂದಿತ್ತು. ಒಬ್ಬರ ಮಗಳ ಫೋನು ಅದೇ ಸುಳ್ಳು ಹೆಸರಿನ ರೋಗಕ್ಕೆ ಬಿದ್ದಿತ್ತು. ಇನ್ನೊಬ್ಬರ ಸ್ಕಾಲರ್‌ಶಿಪ್ ಅರ್ಜಿ ಒಟಿಪಿಗೆ ಕಾಯುತ್ತಿತ್ತು. ಒಟಿಪಿ ಹೋಗುತ್ತಿದ್ದುದು ಊರಲ್ಲಿ ಎಮ್ಮೆ ಮೇಯಿಸುತ್ತಿದ್ದ ಅಣ್ಣನ ನಂಬರಿಗೆ. ಮಾವ ಎಲ್ಲರಿಗೂ ಟೋಕನ್ ಕೊಟ್ಟ. ಲಾಗ್ ಬುಕ್ಕಿನ ಹಾಳೆ ಹರಿದು ಅಂಕಿ ಬರೆದ ಟೋಕನ್ನು. ಕಬ್ಬಿಣದ ಬೋರ್ಡಿನ ಸುದ್ದಿ ಮೇಲಿನ ಮಹಡಿಯಲ್ಲಿ ಹಬ್ಬಿ, ನಾಲ್ಕು ಕೋಣೆಯವರು ಅದರಿಂದಲೇ ಚಾರ್ಜ್ ಮಾಡಿಕೊಳ್ಳುತ್ತಿದ್ದಾರೆಂದೂ ಅದಕ್ಕೆ ‘ಬಾಯ್ಲರ್’ ಎಂದು ಹೆಸರಿಟ್ಟಿದ್ದಾರೆಂದೂ ಹೆಂಡತಿ ಕೆಳಗೆ ಬಂದು ವರದಿ ಮಾಡಿದಳು. ಹುಡುಗಿ ಊಟ ಮಾಡಿದಳೇ ಎಂದು ನಾನು ಕೇಳಿದೆ. ಲೋಡ್ ಎಷ್ಟಾಯಿತು ಎಂದು ಅವನು ಕೇಳಿದ.

ಸಂಜೆ ಹೊರಡುವಾಗ ಮಗಳು ಗೇಟಿಗೆ ಬಂದಳು. ಹೆಂಡತಿಯ ಕಣ್ಣಲ್ಲಿ ನೀರು, ಮಗಳ ಕಣ್ಣಲ್ಲೂ. ನಾನು ಬೇವಿನ ಕಾಯಿ ಎಣಿಸುತ್ತಿದ್ದೆ. ಮಾವ ನಡುವೆ ಬಂದು ಲಾಗ್ ಬುಕ್ ತೆರೆದ. ಶಿಫ್ಟ್ ಹ್ಯಾಂಡೋವರ್ ಆಗದೆ ಯಾರೂ ಜಾಗ ಬಿಡುವಂತಿಲ್ಲವಂತೆ. ಚಾರ್ಜ್ ಕೊಟ್ಟವರು, ಚಾರ್ಜ್ ತಗೊಂಡವರು, ಬಾಕಿ ಕೆಲಸ ಎಂದು ಮೂರು ಕಾಲಂ. ಮಗಳು ಮೂಗೊರೆಸಿಕೊಂಡು ಗೇಟಿನ ಕಂಬಕ್ಕೆ ಬುಕ್ಕನ್ನು ಒತ್ತಿ ಹಿಡಿದು ಏನೋ ಬರೆದಳು, ಸಹಿ ಹಾಕಿದಳು, ಮುಚ್ಚಿ ಕೊಟ್ಟಳು. ಆಯಾ ಗೇಟು ಎಳೆದಳು.

ರೈಲಿನಲ್ಲಿ ಮಾವ ಬುಕ್ಕನ್ನು ತೆರೆದು ಬಹಳ ಹೊತ್ತು ನೋಡಿದ. ಆಮೇಲೆ ನನ್ನ ಕಡೆ ತಿರುಗಿಸಿದ. ಬಾಕಿ ಕೆಲಸದ ಕಾಲಂನಲ್ಲಿ ಮಗಳ ದುಂಡು ಅಕ್ಷರ: ‘ಮಾವನ ಫೋನು. ಜಾಗ ಭರ್ತಿ. ಶುಭೋದಯದ ಫೋಟೋ 6,214. ಅಪ್‌ಡೇಟ್ ಮಾಡದೆ 14 ತಿಂಗಳು. ಟಾರ್ಗೆಟ್: ದೀಪಾವಳಿ ರಜೆ. ಜವಾಬ್ದಾರಿ: ನಾನು.’

ಅವನು ನನ್ನ ಪೆನ್ನು ಇಸಕೊಂಡು ಅದರ ಕೆಳಗೆ ‘ಓಕೆ’ ಎಂದು ಬರೆದು ಟೈಮ್ ಹಾಕಿದ. ಸೇಫ್ಟಿ ಶೂ ಬಿಚ್ಚಿ ಬರ್ತಿನ ಕೆಳಗೆ ಇಟ್ಟ, ಮುಂಭಾಗ ಹೊರಗೆ ಮಾಡಿ.